ಬೆಕ್ಕಿನ ಮೇಲೊಂದು ದೂರು

ಮನೆಯಲ್ಲಿ ಯಾರಿಗಾದರೂ ಸೀನು ಹತ್ತಿ, ಕಣ್ಣು ಕೆಂಪಾಗಿ, ರಾತ್ರಿ ಉಬ್ಬಸ ಕಾಣಿಸಿಕೊಂಡರೆ ಮೊದಲು ಮನೆ ಬಿಡಬೇಕಾಗುವುದು ಬೆಕ್ಕು. ವೈದ್ಯರ ಬಾಯಿಂದ 'ಅಲರ್ಜಿ' ಎಂಬ ಮಾತು ಬಂದರೆ ಸಾಕು, ಯಾವುದರ ಅಲರ್ಜಿ ಎಂದು ಮರುಪ್ರಶ್ನೆ ಕೇಳುವ ವ್ಯವಧಾನ ಯಾರಿಗೂ ಇರುವುದಿಲ್ಲ. ಗೋಣಿಚೀಲ ಬರುತ್ತದೆ. ಬೆಕ್ಕು ಅದರೊಳಗೆ ಸೇರುತ್ತದೆ. ಕತ್ತಲಾದ ಮೇಲೆ ಕೆರೆಯ ಆಚೆಗೋ, ಸಂತೆ ಮಾಳದ ಮೂಲೆಗೋ ಅದನ್ನು ಬಿಟ್ಟು ಬರಲಾಗುತ್ತದೆ. ವಾರ ಕಳೆದರೂ ಸೀನು ನಿಲ್ಲದಿದ್ದಾಗ, ಬಿಟ್ಟು ಬಂದ ಪ್ರಾಣಿ ಏನಾಯಿತೆಂದು ಮಾತ್ರ ಯಾರೂ ವಿಚಾರಿಸುವುದಿಲ್ಲ.

ಅಲರ್ಜಿ ಎಂಬುದು ಸುಳ್ಳಲ್ಲ. ಉಬ್ಬಸದಿಂದ ನರಳುವ ಮಗುವಿನ ಕಷ್ಟದ ಮುಂದೆ ಬೆಕ್ಕಿನ ಮೇಲಿನ ಮಮತೆ ದೊಡ್ಡದೆಂದು ಯಾರೂ ಹೇಳಲಾರರು. ಆದರೆ ರೋಗ ಬಂದಾಗ ಬೆಕ್ಕಿನತ್ತ ಬೆರಳು ತೋರಿಸುವುದು ಇಂದಿನ ಅಭ್ಯಾಸವಲ್ಲ. ಇದಕ್ಕೆ ಶತಮಾನಗಳ ಇತಿಹಾಸವಿದೆ. ಆ ಇತಿಹಾಸದ ಒಂದು ಮುಖ್ಯ ಅಧ್ಯಾಯ ನಮ್ಮ ಕೋಲಾರ ಸೀಮೆಯಲ್ಲಿಯೇ ನಡೆದಿದೆ. ಬೆಕ್ಕಿನ ಮೇಲಿನ ದೂರನ್ನು ಕೇಳುವ ಮೊದಲು ಆ ಹಳೆಯ ಕಡತಗಳನ್ನೊಮ್ಮೆ ಬಿಚ್ಚಿ ನೋಡುವುದು ನ್ಯಾಯ.

ಕಣಜದ ಕಾವಲುಗಾರ

ಮನುಷ್ಯ ಬೆಕ್ಕನ್ನು ಹಿಡಿದು ತಂದು ಪಳಗಿಸಲಿಲ್ಲ, ಬೆಕ್ಕೇ ಬಂದು ಸೇರಿಕೊಂಡಿತು ಎನ್ನುತ್ತಾರೆ ವಿದ್ವಾಂಸರು. ಪಶ್ಚಿಮ ಏಷ್ಯಾದಲ್ಲಿ ಜನ ಬೇಸಾಯ ಕಲಿತು ಧಾನ್ಯ ಕೂಡಿಡತೊಡಗಿದಾಗ ಇಲಿಗಳು ಬಂದವು, ಇಲಿಗಳ ಹಿಂದೆ ಕಾಡುಬೆಕ್ಕು ಬಂತು. ಸೈಪ್ರಸ್ ದ್ವೀಪದಲ್ಲಿ ಸುಮಾರು 9,500 ವರ್ಷಗಳ ಹಿಂದಿನ ಸಮಾಧಿಯೊಂದರಲ್ಲಿ ಮನುಷ್ಯನ ಅಸ್ಥಿಪಂಜರದ ಪಕ್ಕದಲ್ಲಿಯೇ ಹೂತಿಟ್ಟ ಬೆಕ್ಕಿನ ಅಸ್ಥಿಪಂಜರ ಸಿಕ್ಕಿದ ಸಂಗತಿ 2004ರಲ್ಲಿ ಪ್ರಕಟವಾಯಿತು. ಇಂದಿನ ಸಾಕುಬೆಕ್ಕುಗಳ ಮೂಲ ಆ ಭಾಗದ ಕಾಡುಬೆಕ್ಕು ಎಂದು 2007ರಲ್ಲಿ ಕಾರ್ಲೋಸ್ ಡ್ರಿಸ್ಕಾಲ್ ಮತ್ತು ಸಂಗಡಿಗರು ವಂಶವಾಹಿಗಳ ಅಧ್ಯಯನದಿಂದ ತೋರಿಸಿದರು.

ನಮ್ಮ ಉಪಖಂಡದಲ್ಲಿಯೂ ಬೆಕ್ಕಿನ ಹೆಜ್ಜೆ ಹಳೆಯದು. ಸಿಂಧ್ ಪ್ರಾಂತದ ಚಾನ್ಹುದಾರೊದಲ್ಲಿ 1935-36ರಲ್ಲಿ ಉತ್ಖನನ ನಡೆಸಿದ ಅರ್ನೆಸ್ಟ್ ಮ್ಯಾಕೆಯವರಿಗೆ ಒಂದು ಇಟ್ಟಿಗೆ ಸಿಕ್ಕಿತು. ಹಸಿ ಇಟ್ಟಿಗೆಯನ್ನು ಒಣಗಲು ಹಾಕಿದ್ದಾಗ ಬೆಕ್ಕೊಂದು ಅದರ ಮೇಲೆ ಓಡಿ ಹೋಗಿದೆ, ಅದರ ಬೆನ್ನಿಗೆ ನಾಯಿಯೂ ಓಡಿದೆ. ಎರಡರ ಹೆಜ್ಜೆ ಗುರುತೂ ಇಟ್ಟಿಗೆಯ ಮೇಲೆ ಉಳಿದುಕೊಂಡಿವೆ. ಇಟ್ಟಿಗೆ ಮತ್ತು ಹಂಚಿಗೆ ಹೆಸರಾದ ಮಾಲೂರಿನವರಿಗೆ ಈ ದೃಶ್ಯವನ್ನು ವಿವರಿಸಿ ಹೇಳಬೇಕಾಗಿಲ್ಲ. ತೆಂಕಣದ ಮಹಾಬಲಿಪುರದಲ್ಲಿ 7ನೇ ಶತಮಾನದ ಪಲ್ಲವರ ದೊಡ್ಡ ಶಿಲ್ಪಫಲಕದಲ್ಲಿ ಬೆಕ್ಕೊಂದು ಮುಂಗಾಲೆತ್ತಿ ತಪಸ್ಸಿಗೆ ನಿಂತಿದೆ. ಅದರ ಕಾಲ ಬುಡದಲ್ಲಿ ಇಲಿಗಳಿವೆ. ಕಪಟ ಸಂನ್ಯಾಸಿಯನ್ನು ಹಾಸ್ಯ ಮಾಡಲು ಬೆಕ್ಕನ್ನು ಆರಿಸಿಕೊಳ್ಳಬೇಕಾದರೆ, ಅದು ನೋಡುವವರಿಗೆಲ್ಲ ಚೆನ್ನಾಗಿ ಪರಿಚಯವಿದ್ದ ಪ್ರಾಣಿಯೇ ಆಗಿರಬೇಕು.

ಕೋಲಾರ ಸೀಮೆ ರಾಗಿಯ ನಾಡು. ವರ್ಷವಿಡೀ ಹರಿಯುವ ನದಿಯಿಲ್ಲದ, ಕೆರೆಗಳನ್ನೇ ನಂಬಿದ ಈ ಬಯಲಿನಲ್ಲಿ ಒಂದು ವರ್ಷ ಬೆಳೆದದ್ದನ್ನು ಮಳೆ ಬಾರದ ಮುಂದಿನ ವರ್ಷಕ್ಕೆ ಉಳಿಸಿಕೊಳ್ಳುವುದೇ ಬದುಕು. ನೆಲದಡಿಯ ಹಗೇವು, ಮನೆಯೊಳಗಿನ ವಾಡೆ, ಗುಡಾಣಗಳಲ್ಲಿ ಕೂಡಿಟ್ಟ ಧಾನ್ಯ ಬರಗಾಲದ ಜೀವವಿಮೆಯಾಗಿತ್ತು. ಅದಕ್ಕೆ ಕನ್ನ ಹಾಕುತ್ತಿದ್ದದ್ದು ಇಲಿ, ಹೆಗ್ಗಣ. ಕಾವಲಿಗಿದ್ದದ್ದು ಬೆಕ್ಕು. ಕನ್ನಡದ ಬೆಕ್ಕು, ತೆಲುಗಿನ ಪಿಲ್ಲಿ, ತಮಿಳಿನ ಪೂನೈ, ಉರ್ದುವಿನ ಬಿಲ್ಲಿ - ನಾಲ್ಕು ಭಾಷೆಗಳು ಒಂದೇ ಬೀದಿಯಲ್ಲಿ ಕೇಳಿಸುವ ಮುಳಬಾಗಿಲು, ಶ್ರೀನಿವಾಸಪುರ, ಮಾಸ್ತಿಯ ಕಡೆ ಅದು ನಾಲ್ಕು ಹೆಸರಿನಿಂದಲೂ ಕರೆಸಿಕೊಂಡಿತು. ಅದಕ್ಕೆ ಯಾರೂ ಹಾಸಿಗೆ ಹಾಸಲಿಲ್ಲ. ಕರೆದ ಹಾಲಿನಲ್ಲಿ ಒಂದಿಷ್ಟು, ಉಳಿದ ಮುದ್ದೆಯಲ್ಲಿ ಒಂದು ತುಣುಕು ಅದರ ಪಾಲಿನದಾಗಿತ್ತು. ಉಳಿದ ಊಟವನ್ನು ಅದು ತಾನೇ ದುಡಿದು ತಿನ್ನುತ್ತಿತ್ತು.

ಇಲಿ ಬಿದ್ದ ಕಾಲ

1896ರಲ್ಲಿ ಮುಂಬಯಿಗೆ ಬಂದ ಪ್ಲೇಗು ಎರಡೇ ವರ್ಷಗಳಲ್ಲಿ ರೈಲು ದಾರಿ ಹಿಡಿದು ಮೈಸೂರು ಸಂಸ್ಥಾನವನ್ನು ಮುಟ್ಟಿತು. 1898ರ ಆಗಸ್ಟ್‌ನಲ್ಲಿ ಬೆಂಗಳೂರಿನಲ್ಲಿ ಅದು ಕಾಣಿಸಿಕೊಂಡಾಗ ಜನ ಊರು ಬಿಟ್ಟು ಓಡಿದರು. ಇಕ್ಕಟ್ಟಾದ ಪೇಟೆಯಿಂದ ಜನರನ್ನು ಹೊರಗೆ ತರಲು ಬಸವನಗುಡಿ, ಮಲ್ಲೇಶ್ವರ ಬಡಾವಣೆಗಳು ಬೆಳೆದದ್ದು ಈ ಹಿನ್ನೆಲೆಯಲ್ಲಿಯೇ. 'ಇಲಿ ಬಿತ್ತು' ಎಂಬ ಮಾತು ಆ ಕಾಲದ ಹಳ್ಳಿಗಳಲ್ಲಿ ಸಾವಿನ ಸುದ್ದಿಗಿಂತ ಭಯಂಕರವಾಗಿತ್ತು. ಅಟ್ಟದಿಂದ ಇಲಿ ಸತ್ತು ಬಿದ್ದರೆ ಆ ಮನೆಯವರು ಪಾತ್ರೆ ಪಡಗ ಹೊತ್ತು ಹೊಲದಲ್ಲಿ ಗುಡಿಸಲು ಹಾಕುತ್ತಿದ್ದರು. ತೊಡೆಸಂದಿನಲ್ಲಿ ಗಡ್ಡೆ ಎದ್ದವರು ಉಳಿಯುವ ಭರವಸೆಯಿರಲಿಲ್ಲ. 1898ರಿಂದ ಐವತ್ತು ವರ್ಷಗಳಲ್ಲಿ ಭಾರತದಲ್ಲಿ ಪ್ಲೇಗಿಗೆ ಬಲಿಯಾದವರ ಸಂಖ್ಯೆ ಒಂದು ಕೋಟಿಯನ್ನು ದಾಟಿತು.

ಪ್ಲೇಗಿನ ರೋಗಾಣುವನ್ನು ಅಲೆಕ್ಸಾಂಡರ್ ಯೆರ್ಸಿನ್ 1894ರಲ್ಲಿ ಹಾಂಗ್‌ಕಾಂಗ್‌ನಲ್ಲಿ ಗುರುತಿಸಿದ್ದರು. ಅದು ಇಲಿಯಿಂದ ಮನುಷ್ಯನಿಗೆ ಚಿಗಟದ ಮೂಲಕ ದಾಟುತ್ತದೆಂದು 1898ರಲ್ಲಿ ಕರಾಚಿಯಲ್ಲಿ ಪಾಲ್-ಲೂಯಿ ಸಿಮೊಂಡ್ ತೋರಿಸಿದರು. ಇಲಿಯೇ ಮೂಲವಾದರೆ ಇಲಿಯ ವೈರಿಯೇ ಮನುಷ್ಯನ ಗೆಳೆಯನಲ್ಲವೆ? ಈ ಪ್ರಶ್ನೆಯನ್ನು ಗಂಭೀರವಾಗಿ ಎತ್ತಿದವರು ಅಮರಾವತಿಯಲ್ಲಿ ಸಿವಿಲ್ ಸರ್ಜನ್ ಆಗಿದ್ದ ಆಂಡ್ರ್ಯೂ ಬುಕಾನನ್. ಅವರು ಹಳ್ಳಿ ಹಳ್ಳಿಗಳಲ್ಲಿ ಬೆಕ್ಕುಗಳ ಲೆಕ್ಕ ಮಾಡಿಸಿದರು. ಬೆಕ್ಕುಗಳು ಹೆಚ್ಚಾಗಿದ್ದ ಹಳ್ಳಿಗಳು ಪ್ಲೇಗಿನಿಂದ ಬಹುಮಟ್ಟಿಗೆ ಪಾರಾಗಿವೆ ಎಂದು ವಾದಿಸಿ, ಬೆಕ್ಕು ಪ್ಲೇಗನ್ನು ತಡೆಯುತ್ತದೆ ಎಂಬ ಅರ್ಥದ ತಲೆಬರಹವಿಟ್ಟು 1908ರಲ್ಲಿ ವೈದ್ಯಕೀಯ ಪತ್ರಿಕೆಯಲ್ಲಿ ಬರೆದರು.

ಇದರ ಪಕ್ಕದಲ್ಲಿ ಇನ್ನೊಂದು ಚಿತ್ರವನ್ನಿಟ್ಟು ನೋಡಬೇಕು. 1665ರಲ್ಲಿ ಲಂಡನ್ನಿಗೆ ಪ್ಲೇಗು ಬಂದಾಗ ನಗರಾಡಳಿತ ನಾಯಿ ಬೆಕ್ಕುಗಳನ್ನು ಕೊಲ್ಲಲು ಆಜ್ಞೆ ಹೊರಡಿಸಿತ್ತು. ರೋಗವನ್ನು ಮನೆಯಿಂದ ಮನೆಗೆ ಹೊತ್ತು ತಿರುಗುವವು ಅವೇ ಎಂಬುದು ಆಗಿನ ನಂಬಿಕೆ. ಇಲಿಯ ಮೇಲೆ ಯಾರಿಗೂ ಅನುಮಾನವಿರಲಿಲ್ಲ. ಇಲಿ ಹಿಡಿಯುವವರನ್ನೇ ಕೊಂದು ಹಾಕಿ ಜನ ಇಲಿಗಳ ಜೊತೆ ಉಳಿದರು. ಅದೇ ರೋಗ, ಅದೇ ಪ್ರಾಣಿ. 1665ರಲ್ಲಿ ಮರಣದಂಡನೆ, 1908ರಲ್ಲಿ ಪ್ರಶಂಸಾಪತ್ರ.

ಬುಕಾನನ್ನರ ಪ್ರಶಂಸಾಪತ್ರವೂ ಪೂರ್ತಿ ಸರಿಯಾಗಿರಲಿಲ್ಲ. ಪ್ಲೇಗು ತಗಲಿದ ಇಲಿಯನ್ನು ತಿಂದ ಬೆಕ್ಕಿಗೂ ಪ್ಲೇಗು ಬರುತ್ತದೆ. ಅಂಥ ಬೆಕ್ಕಿನಿಂದ ಮನುಷ್ಯರಿಗೂ ಹರಡಬಲ್ಲದೆಂದು ಅಮೆರಿಕದ ಪಶ್ಚಿಮ ರಾಜ್ಯಗಳಲ್ಲಿ 1970ರ ದಶಕದಿಂದೀಚೆಗೆ ದಾಖಲಾದ ಪ್ರಕರಣಗಳು ತೋರಿಸಿವೆ. ಇಲಿ ಸೇರದಂತೆ ಧಾನ್ಯವನ್ನು ಭದ್ರಪಡಿಸುವುದು, ಚಿಗಟವನ್ನು ಕೊಲ್ಲುವುದು, ರೋಗಿಯನ್ನು ಬೇಗ ಗುರುತಿಸುವುದು ಇವೇ ಪ್ಲೇಗನ್ನು ಹಿಮ್ಮೆಟ್ಟಿಸಿದ ದಾರಿಗಳು. ಮಲೇರಿಯಾ ನಿಯಂತ್ರಣಕ್ಕೆಂದು 1950ರ ದಶಕದಲ್ಲಿ ಮನೆಗಳ ಗೋಡೆಗೆ ಸಿಂಪಡಿಸಿದ ಡಿಡಿಟಿಯಿಂದ ಚಿಗಟಗಳೂ ಸತ್ತವು. ಆ ವೇಳೆಗೆ ಪ್ಲೇಗಿಗೆ ಪರಿಣಾಮಕಾರಿ ಔಷಧಿಗಳೂ ಬಂದಿದ್ದವು.

ಆದರೂ ಕೋಲಾರ ಸೀಮೆಯಲ್ಲಿ ಅದು ಕೊನೆಯವರೆಗೂ ಹೊಗೆಯಾಡಿತು. ಕರ್ನಾಟಕ, ಆಂಧ್ರ, ತಮಿಳುನಾಡು ಮೂರೂ ಕೂಡುವ ಈ ಗಡಿಪಟ್ಟಿಯ ಹೊಲಗಳ ಬಿಲಗಳಲ್ಲಿ ಬದುಕುವ ಕಾಡಿಲಿಗಳಲ್ಲಿ ರೋಗಾಣು ಮನೆಮಾಡಿಕೊಂಡಿತ್ತು. 1994ರಲ್ಲಿ ಬೀಡ್ ಮತ್ತು ಸೂರತ್‌ಗಳಲ್ಲಿ ಪ್ಲೇಗಿನ ಗುಲ್ಲೆದ್ದು ದೇಶವೇ ತಲ್ಲಣಿಸಿತಲ್ಲ, ಅದಕ್ಕೆ ಹಿಂದೆ ಭಾರತದಲ್ಲಿ ಪ್ರಯೋಗಾಲಯದಲ್ಲಿ ಖಚಿತಪಟ್ಟ ಕೊನೆಯ ಪ್ಲೇಗು ಪ್ರಕರಣ ದಾಖಲಾದದ್ದು 1966ರಲ್ಲಿ ನಮ್ಮ ಮುಳಬಾಗಿಲಿನಿಂದ. ಇಲಿಯ ಭಯ ಇಲ್ಲಿನ ಹಿರಿಯರ ನೆನಪಿನಲ್ಲಿ ಬಹುಕಾಲ ಉಳಿದದ್ದು ಆಶ್ಚರ್ಯವಲ್ಲ. ಅಂಥ ಕಾಲದಲ್ಲಿ ಬೆಕ್ಕಿನ ಬಳಿ ಕುಳಿತರೆ ಸೀನು ಬರುತ್ತದೆಂದು ಯಾರಾದರೂ ಹೇಳಿದ್ದರೆ ಮನೆಯವರು ನಕ್ಕು ಸುಮ್ಮನಾಗುತ್ತಿದ್ದರು.

ಗುಲಾಬಿಯಿಂದ ಬೆಕ್ಕಿನವರೆಗೆ

ಹಾಗಾದರೆ ಸೀನಿಗೆ ಇತಿಹಾಸವಿಲ್ಲವೆ? ಇದೆ. ಕ್ರಿ.ಶ. 925ರಲ್ಲಿ ತೀರಿಕೊಂಡ ಪ್ರಸಿದ್ಧ ವೈದ್ಯ ಅಬೂ ಬಕರ್ ಅಲ್-ರಾಝಿ ಒಂದು ಪುಟ್ಟ ಗ್ರಂಥ ಬರೆದರು. ವಿದ್ವಾಂಸ ಅಬೂ ಝೈದ್ ಅಲ್-ಬಲ್ಖಿಯವರಿಗೆ ವಸಂತಕಾಲದಲ್ಲಿ ಗುಲಾಬಿ ಮೂಸಿದರೆ ನೆಗಡಿ ಹತ್ತುವುದೇಕೆ ಎಂಬುದೇ ಅದರ ವಿಷಯ. ಎಲ್ಲರಿಗೂ ಸುಖ ಕೊಡುವ ಹೂವು ಒಬ್ಬರಿಗೆ ಮಾತ್ರ ಕಾಯಿಲೆಯಾಗುವುದನ್ನು ಒಬ್ಬ ವೈದ್ಯ ಕುತೂಹಲದಿಂದ ಕಂಡು, ಕಾರಣ ಹುಡುಕಲು ಹೊರಟದ್ದು ದೊಡ್ಡ ಸಂಗತಿ. 12ನೇ ಶತಮಾನದ ಕೊನೆಯಲ್ಲಿ ಕೈರೋದ ಯಹೂದಿ ವೈದ್ಯ ಮೂಸಾ ಬಿನ್ ಮೈಮೂನ್ ಉಬ್ಬಸದ ಬಗ್ಗೆಯೇ ಅರಬಿಯಲ್ಲಿ ಗ್ರಂಥ ಬರೆದು ಆಹಾರ, ಗಾಳಿ, ನಿದ್ದೆಗಳ ಕ್ರಮ ವಿವರಿಸಿದರು. 1552ರಲ್ಲಿ ಇಟಲಿಯ ಕಾರ್ಡಾನೊ ಸ್ಕಾಟ್ಲೆಂಡಿನ ಆರ್ಚ್‌ಬಿಷಪ್ ಹ್ಯಾಮಿಲ್ಟನ್‌ರ ಉಬ್ಬಸಕ್ಕೆ ಚಿಕಿತ್ಸೆ ಮಾಡುವಾಗ ಅವರ ಹಾಸಿಗೆಯಿಂದ ಹಕ್ಕಿಗರಿಗಳನ್ನು ತೆಗೆಸಿದರು. ರೋಗಿ ಸುಧಾರಿಸಿದರು. ಕಾರಣ ಕಣ್ಣಿಗೆ ಕಾಣದಿದ್ದರೂ ಅದು ರೋಗಿಯ ತಲೆದಿಂಬಿನಲ್ಲಿಯೇ ಇರಬಹುದೆಂಬ ಪಾಠ ಅಲ್ಲಿದೆ.

ಬೆಕ್ಕಿನ ವಿಷಯ ವೈದ್ಯರ ಗಮನಕ್ಕೆ ಬಂದದ್ದು ವಿಚಿತ್ರ ದಾರಿಯಲ್ಲಿ. ಕೆಲವರಿಗೆ ಕೋಣೆಯಲ್ಲಿ ಬೆಕ್ಕು ಅಡಗಿದ್ದರೆ ಕಾಣದೆ, ಕೇಳದೆ ಗೊತ್ತಾಗುತ್ತದೆಂಬ ಮಾತು ಯುರೋಪಿನಲ್ಲಿ ಹಿಂದಿನಿಂದಲೂ ಇತ್ತು. ಅದನ್ನು ಮಾಟ ಮಂತ್ರಕ್ಕೋ ಹುಟ್ಟುಭಯಕ್ಕೋ ಕಟ್ಟುತ್ತಿದ್ದರು. ಅಮೆರಿಕದ ನರರೋಗ ತಜ್ಞ ವೇರ್ ಮಿಚೆಲ್ 1905ರಲ್ಲಿ ಇಂಥವರ ಅನುಭವಗಳನ್ನು ಸಂಗ್ರಹಿಸಿ ಲೇಖನ ಬರೆದರು. ಬೆಕ್ಕು ಹತ್ತಿರವಿದ್ದಾಗ ಕೆಲವರಿಗೆ ಉಸಿರು ಕಟ್ಟುತ್ತಿದ್ದುದೂ ಅದರಲ್ಲಿ ದಾಖಲಾಯಿತು. ಮರುವರ್ಷವೇ, 1906ರಲ್ಲಿ, ವಿಯೆನ್ನಾದ ಮಕ್ಕಳ ವೈದ್ಯ ಕ್ಲೆಮೆನ್ಸ್ ಫಾನ್ ಪಿರ್ಕೆ 'ಅಲರ್ಜಿ' ಎಂಬ ಪದವನ್ನು ಸೃಷ್ಟಿಸಿದರು. ಮಿಚೆಲ್ಲರ ರೋಗಿಗಳ ಒಗಟಿಗೆ ಒಂದು ಹೆಸರು ಸಿಕ್ಕಿದಂತಾಯಿತು.

ಆಮೇಲಿನ ಹೆಜ್ಜೆಗಳು ಬೇಗ ಬೇಗ ಬಿದ್ದವು. 1911ರಲ್ಲಿ ಲಂಡನ್ನಿನ ಲಿಯೊನಾರ್ಡ್ ನೂನ್, ಹುಲ್ಲಿನ ಪರಾಗದ ಸಾರವನ್ನು ಸ್ವಲ್ಪ ಸ್ವಲ್ಪವೇ ಚುಚ್ಚಿ ದೇಹವನ್ನು ಅದಕ್ಕೆ ಒಗ್ಗಿಸುವ ಚಿಕಿತ್ಸೆಯನ್ನು ಪ್ರಕಟಿಸಿದರು. 1937ರಲ್ಲಿ ದಾನಿಯೆಲ್ ಬೋವೆ ಹಿಸ್ಟಮಿನ್ ವಿರೋಧಿ ಔಷಧಿಗೆ ದಾರಿ ತೋರಿದರು. 1966ರಲ್ಲಿ, ಅಂದರೆ ಮುಳಬಾಗಿಲಿನಲ್ಲಿ ಕೊನೆಯ ಪ್ಲೇಗು ಕಂಡ ವರ್ಷವೇ, ಜಪಾನಿ ದಂಪತಿ ಕಿಮಿಶಿಗೆ ಮತ್ತು ತೆರುಕೊ ಇಶಿಝಾಕಾ ಅಲರ್ಜಿಗೆ ಕಾರಣವಾದ ಪ್ರತಿಕಾಯವನ್ನು ಪತ್ತೆಹಚ್ಚಿದರು. ಇಂದು ಅದನ್ನು ಐಜಿಇ ಎನ್ನುತ್ತಾರೆ. ಹಾನಿಯಿಲ್ಲದ ವಸ್ತುವನ್ನು ದೇಹ ಶತ್ರುವೆಂದು ತಪ್ಪು ತಿಳಿದು ಐಜಿಇಯ ಸೈನ್ಯ ಕಟ್ಟುತ್ತದೆ. ಅದೇ ವಸ್ತು ಮತ್ತೆ ಬಂದಾಗ ಹಿಸ್ಟಮಿನ್ ಮೊದಲಾದ ರಾಸಾಯನಿಕಗಳು ಬಿಡುಗಡೆಯಾಗುತ್ತವೆ. ಸೀನು, ತುರಿಕೆ, ಉಬ್ಬಸ ಇವೆಲ್ಲ ಆ ತಪ್ಪು ತಿಳಿವಳಿಕೆಯ ಯುದ್ಧಗಳು.

1970ರ ದಶಕದಲ್ಲಿ ಬೆಕ್ಕಿನ ಮುಖ್ಯ ಅಲರ್ಜಿಕಾರಕವನ್ನು ಬೇರ್ಪಡಿಸಲಾಯಿತು. ಅದರ ಹೆಸರು ಫೆಲ್ ಡಿ 1. ಕೂದಲೇ ಕಾರಣವೆಂದು ಜನ ತಿಳಿಯುವುದುಂಟು. ನಿಜವಾಗಿ ಅದು ಬೆಕ್ಕಿನ ಜೊಲ್ಲು ಮತ್ತು ಚರ್ಮದ ಎಣ್ಣೆಗ್ರಂಥಿಗಳಲ್ಲಿ ಹುಟ್ಟುವ ಒಂದು ಪ್ರೋಟೀನು. ಬೆಕ್ಕು ಮೈ ನೆಕ್ಕಿಕೊಂಡಾಗ ಅದು ಕೂದಲಿಗೆ ಮೆತ್ತುತ್ತದೆ, ಒಣಗಿ ಅತಿಸಣ್ಣ ಕಣವಾಗಿ ಗಾಳಿಯಲ್ಲಿ ತೇಲುತ್ತದೆ, ಬಟ್ಟೆಗೆ ಅಂಟಿ ಬೆಕ್ಕಿಲ್ಲದ ಮನೆಗೂ ಶಾಲೆಗೂ ಹೋಗುತ್ತದೆ. ಬೆಕ್ಕನ್ನು ಹೊರಗಟ್ಟಿದ ಮೇಲೂ ಗೋಡೆ, ಹಾಸಿಗೆ, ಸೋಫಾಗಳಲ್ಲಿ ಉಳಿದ ಕಣಗಳು ಕಡಮೆಯಾಗಲು ಹಲವು ತಿಂಗಳು ಬೇಕು. ಬೆಕ್ಕನ್ನು ಚೀಲದಲ್ಲಿ ಕಟ್ಟಿ ಬಿಟ್ಟು ಬಂದ ವಾರದಲ್ಲಿ ಸೀನು ನಿಲ್ಲದಿರುವುದಕ್ಕೆ ಇದೂ ಒಂದು ಕಾರಣ.

ಸಾಕ್ಷಿಗಳ ವಿಚಾರಣೆ

ಇನ್ನೊಂದು ಕಾರಣ, ಅಪರಾಧಿ ಬೇರೆಯೇ ಆಗಿರಬಹುದು ಎಂಬುದು. ನಮ್ಮ ದೇಶದಲ್ಲಿ ಮೂಗು ಮತ್ತು ಶ್ವಾಸದ ಅಲರ್ಜಿಗೆ ಹಾಸಿಗೆಯ ದೂಳಿನಲ್ಲಿರುವ ಕಣ್ಣಿಗೆ ಕಾಣದ ನುಸಿ, ಜಿರಲೆ, ಪರಾಗ, ಬೂಷ್ಟು ಇವೆಲ್ಲ ಸಾಮಾನ್ಯ ಕಾರಣಗಳು. ಬಯಲುಸೀಮೆಯಲ್ಲಿ ಇವುಗಳ ಜೊತೆಗೆ ಪಾರ್ಥೇನಿಯಂ ಇದೆ. ನಮ್ಮ ಜನ ಕಾಂಗ್ರೆಸ್ ಗಿಡವೆಂದು ಕರೆಯುವ ಈ ಕಳೆ 1950ರ ದಶಕದಲ್ಲಿ ಪುಣೆಯಲ್ಲಿ ಗಮನಕ್ಕೆ ಬಂದು, ಕೆಲವೇ ದಶಕಗಳಲ್ಲಿ ದಕ್ಷಿಣದ ಬೀಳುಭೂಮಿಯನ್ನೆಲ್ಲ ಆವರಿಸಿತು. ಅದನ್ನು ತಿನ್ನಲೆಂದು ಮೆಕ್ಸಿಕೋದಿಂದ ತಂದ ದುಂಬಿಯನ್ನು 1984ರಲ್ಲಿ ಬೆಂಗಳೂರಿನಲ್ಲಿ ಬಿಡಬೇಕಾಯಿತು. ಅದರ ಪರಾಗದಿಂದ ಬೆಂಗಳೂರಿನ ಜನರಲ್ಲಿ ಮೂಗಿನ ಅಲರ್ಜಿ ಉಂಟಾಗುತ್ತಿರುವುದನ್ನು ಭಾರತೀಯ ವಿಜ್ಞಾನ ಸಂಸ್ಥೆಯ ಪಿ.ವಿ. ಸುಬ್ಬರಾವ್ ಮತ್ತು ಸಂಗಡಿಗರು 1991ರಲ್ಲಿ ಪ್ರಕಟಿಸಿದ ಅಧ್ಯಯನದಲ್ಲಿ ತೋರಿಸಿದರು.

ಅದೇ ಸಂಶೋಧಕರ ತಂಡ 1985ರಲ್ಲಿ ಇನ್ನೊಂದು ಅಧ್ಯಯನ ಪ್ರಕಟಿಸಿತ್ತು. ರೇಷ್ಮೆ ನೂಲು ತೆಗೆಯುವ ಘಟಕಗಳ ಕೆಲಸಗಾರರಲ್ಲಿ ವೃತ್ತಿಯಿಂದ ಬರುವ ಅಸ್ತಮಾ ಎಷ್ಟಿದೆ ಎಂಬುದು ಅದರ ವಿಷಯ. ರೇಷ್ಮೆ ಮತ್ತು ಹಾಲಿನ ಜಿಲ್ಲೆಯೆಂದು ಹೆಸರಾದ ಕೋಲಾರಕ್ಕೆ ಇದು ಮನೆಯ ಮಾತು. ಹುಳು ಸಾಕುವ ಮನೆಯ ದೂಳು, ಬಿತ್ತನೆ ಕೋಠಿಯಲ್ಲಿ ಚಿಟ್ಟೆಯ ರೆಕ್ಕೆಯಿಂದ ಉದುರುವ ಹುಡಿ, ಗೂಡು ಬೇಯಿಸುವ ಹಬೆ ಇವೆಲ್ಲ ಉಸಿರಿನ ಮೂಲಕ ಒಳಗೆ ಹೋಗುತ್ತವೆ. ಶಿಡ್ಲಘಟ್ಟ, ರಾಮನಗರಗಳಲ್ಲಿ ನೂಲು ಬಿಚ್ಚುವ ಕೆಲಸದಲ್ಲಿ ಮುಸ್ಲಿಮ್ ಕುಟುಂಬಗಳ ಪಾಲು ದೊಡ್ಡದು. ಆ ಮನೆಗಳ ಹೆಂಗಸರೂ ಮಕ್ಕಳೂ ಈ ಹಬೆಯ ನಡುವೆಯೇ ಬೆಳೆದವರು.

ಮಾಲೂರಿನ ಇಟ್ಟಿಗೆ ಗೂಡುಗಳ ಹೊಗೆ, ಸೌದೆ ಒಲೆಯ ಹೊಗೆ, ಹೆದ್ದಾರಿಯ ಲಾರಿಗಳ ಹೊಗೆ ಇವುಗಳನ್ನೂ ಲೆಕ್ಕಕ್ಕೆ ಸೇರಿಸಬೇಕು. ಹೊಗೆ ಸ್ವತಃ ಅಲರ್ಜಿಕಾರಕವಲ್ಲ, ಆದರೆ ಈಗಾಗಲೇ ಕೆರಳಿರುವ ಶ್ವಾಸನಾಳವನ್ನು ಅದು ಮತ್ತಷ್ಟು ಕೆರಳಿಸುತ್ತದೆ. ಬೆಂಗಳೂರಿನ ಮಕ್ಕಳ ತಜ್ಞ ಡಾ. ಎಚ್. ಪರಮೇಶ್ ಆಸ್ಪತ್ರೆಗೆ ಬಂದ 20,000 ಮಕ್ಕಳ ದಾಖಲೆಗಳನ್ನು ಪರಿಶೀಲಿಸಿದಾಗ 1979ರಲ್ಲಿ ಶೇ. 9ರಷ್ಟಿದ್ದ ಅಸ್ತಮಾ 1999ರ ವೇಳೆಗೆ ಶೇ. 29.5ಕ್ಕೆ ಏರಿತ್ತು. ಈ ಇಪ್ಪತ್ತು ವರ್ಷಗಳಲ್ಲಿ ಬೆಂಗಳೂರಿನಲ್ಲಿ ಹೆಚ್ಚಿದ್ದು ವಾಹನಗಳು, ಜನದಟ್ಟಣೆ ಮತ್ತು ಕಟ್ಟಡಗಳು. ಬೆಕ್ಕುಗಳು ಮೂರು ಪಟ್ಟಾದವೆಂದು ಯಾರೂ ಹೇಳಿಲ್ಲ.

ಇಲ್ಲಿ ನಾವು ನಮ್ಮನ್ನೇ ಕೇಳಿಕೊಳ್ಳಬೇಕಾದ ಒಂದು ಪ್ರಶ್ನೆಯಿದೆ. ರೇಷ್ಮೆಯ ದೂಳಿನಿಂದ ಉಬ್ಬಸ ಬಂದ ಕೆಲಸಗಾರನಿಗೆ ರೇಷ್ಮೆಯನ್ನೇ ಬಿಟ್ಟುಬಿಡು ಎಂದು ಯಾರೂ ಸುಲಭವಾಗಿ ಹೇಳುವುದಿಲ್ಲ. ಕಿಟಕಿ ಇಡಿಸು, ಮೂಗಿಗೆ ಬಟ್ಟೆ ಕಟ್ಟು, ವೈದ್ಯರನ್ನು ನೋಡು ಎನ್ನುತ್ತೇವೆ. ರೇಷ್ಮೆ ಅನ್ನ ಕೊಡುತ್ತದೆ, ಅದಕ್ಕಾಗಿ ದಾರಿ ಹುಡುಕುತ್ತೇವೆ. ಕಣಜ ಕಾಯುತ್ತಿದ್ದ ಕಾಲದಲ್ಲಿ ಬೆಕ್ಕಿಗೂ ಅದೇ ಮರ್ಯಾದೆಯಿತ್ತು. ರಾಗಿ ಪಡಿತರ ಅಂಗಡಿಯಿಂದ ಬರತೊಡಗಿ, ಹಗೇವು ಮುಚ್ಚಿ, ಇಲಿಗೆ ಪಾಷಾಣದ ಬಿಲ್ಲೆ ಸಿಗತೊಡಗಿದ ಮೇಲೆ ಬೆಕ್ಕಿನ ಕೆಲಸ ಹೋಯಿತು. ಕೆಲಸ ಹೋದವನ ಮೇಲೆ ದೂರು ಹೊರಿಸುವುದು ಸುಲಭ.

ಮನೆಯ ಸ್ವರೂಪ ಬದಲಾಯಿತು

ಬೆಕ್ಕಿನ ಫೆಲ್ ಡಿ 1 ನೂರು ವರ್ಷದ ಹಿಂದೆಯೂ ಇತ್ತು. ಹಾಗಾದರೆ ಸೀನು ಈಗೇಕೆ ಇಷ್ಟು ಕೇಳಿಸುತ್ತಿದೆ? ಆಗ ಸೀನಿದವರ ಲೆಕ್ಕ ಇಟ್ಟವರಿಲ್ಲ ಎಂಬುದು ಒಂದು. ನಾವು ಬದುಕುವ ಮನೆ ಬದಲಾಗಿದೆ ಎಂಬುದು ಇನ್ನೊಂದು.

ಹಳೆಯ ಹಂಚಿನ ಮನೆಯಲ್ಲಿ ಬೆಕ್ಕಿಗೆ ತನ್ನದೇ ದಾರಿಗಳಿದ್ದವು. ಹಂಚಿನ ಸಂದಿನಿಂದ ಅಟ್ಟಕ್ಕೆ, ಅಟ್ಟದಿಂದ ಹಿತ್ತಿಲಿಗೆ, ಹಿತ್ತಿಲಿನಿಂದ ಕೊಟ್ಟಿಗೆಗೆ. ಚಳಿಗಾಲದಲ್ಲಿ ಒಲೆಯ ಬೂದಿಯ ಬೆಚ್ಚನೆ ಮೂಲೆ ಅದರ ಮಲಗುವ ಜಾಗವಾಗಿತ್ತು. ಬೆಳಕಿಂಡಿ, ತೊಟ್ಟಿ, ಜಗಲಿಗಳಿಂದ ಗಾಳಿ ಸದಾ ಆಡುತ್ತಿತ್ತು. ನೆಲ ಸಗಣಿಯಿಂದ ಸಾರಿಸಿದ್ದು ಅಥವಾ ಕಲ್ಲುಚಪ್ಪಡಿಯದು. ಹಾಸಿಗೆಯೆಂದರೆ ಬೆಳಗಾದರೆ ಕೊಡವಿ ಬಿಸಿಲಿಗೆ ಹಾಕುವ ಚಾಪೆ, ಕಂಬಳಿ. ಒಟ್ಟಿಗೇ ಬದುಕಿದರೂ ಬೆಕ್ಕಿಗೂ ಮನುಷ್ಯನಿಗೂ ನಡುವೆ ಒಂದು ದೂರವಿತ್ತು. ಆ ದೂರವನ್ನು ಮನೆಯೇ ಕಾಯುತ್ತಿತ್ತು.

ಇಂದಿನ ಕಾಂಕ್ರೀಟು ಮನೆಯಲ್ಲಿ ಕಿಟಕಿಗೆ ಸೊಳ್ಳೆಪರದೆ, ಅದರ ಮೇಲೆ ಗಾಜು, ಗಾಜಿನ ಮೇಲೆ ಬಟ್ಟೆಯ ಪರದೆ. ಒಳಗೆ ಸೋಫಾ, ದಪ್ಪ ಹಾಸಿಗೆ, ನೆಲಗಂಬಳಿ. ನುಸಿಗೂ ಬೆಕ್ಕಿನ ಕಣಕ್ಕೂ ಇವು ಕಾಯಂ ವಿಳಾಸಗಳು. ಕೆಲಸ ಕಳೆದುಕೊಂಡ ಬೆಕ್ಕು ಮುದ್ದಿನ ಪ್ರಾಣಿಯಾಗಿ ಹಾಸಿಗೆಯ ಮೇಲೆಯೇ ಏರಿದೆ. ಬೆಕ್ಕು ನಮ್ಮ ಹತ್ತಿರ ಬಂದಷ್ಟೂ ಹೊರಗಿನ ಗಾಳಿಯನ್ನು ನಾವು ದೂರ ಮಾಡಿದ್ದೇವೆ. ಹೀಗಾಗಿ ಇಂದು ನಮ್ಮ ಮುಂದಿರುವ ಪ್ರಶ್ನೆ ಹಿಂದಿನ ಮನೆ ತಾನಾಗಿ ಕಾಯುತ್ತಿದ್ದ ದೂರವನ್ನು ನಾವು ಬುದ್ಧಿಪೂರ್ವಕವಾಗಿ ಕಟ್ಟಿಕೊಳ್ಳಬಲ್ಲೆವೆ ಎಂಬುದು.

ಸುತ್ತಮುತ್ತ ಓಡಾಡುವವರು

ಬೆಕ್ಕಿನೊಂದಿಗೆ ಬದುಕುವ ಮಾತು ಬಂದಾಗ ಮುಸ್ಲಿಮ್ ಮನೆಗಳಲ್ಲಿ ನೆನಪಾಗುವ ಪ್ರಸಂಗವೊಂದಿದೆ. ಸಹಾಬಿ ಅಬೂ ಖತಾದರಿಗೆ ಸೊಸೆ ಕಬ್ಶಾ ವುಝೂಗಾಗಿ ನೀರು ತಂದಿಟ್ಟಿದ್ದರು. ಬೆಕ್ಕೊಂದು ಬಂದು ಆ ನೀರಿಗೆ ಬಾಯಿ ಹಾಕಿತು. ಅಬೂ ಖತಾದ ಅದನ್ನು ಓಡಿಸಲಿಲ್ಲ, ಕುಡಿಯಲು ಅನುಕೂಲವಾಗಲೆಂದು ಪಾತ್ರೆಯನ್ನೇ ಓರೆ ಮಾಡಿ ಹಿಡಿದರು. ಸೊಸೆ ಬೆರಗಾಗಿ ನೋಡಿದಾಗ, ಬೆಕ್ಕು ಅಶುದ್ಧವಲ್ಲ, ಅದು ನಿಮ್ಮ ಸುತ್ತಮುತ್ತ ಓಡಾಡುವವುಗಳಲ್ಲಿ ಸೇರಿದ್ದು ಎಂದು ಪ್ರವಾದಿ(ಸ) ಹೇಳಿದ್ದಾರೆಂದು ವಿವರಿಸಿದರು. ಬೆಕ್ಕಿನ ಮರಿಯೊಂದನ್ನು ಜೊತೆಗಿಟ್ಟುಕೊಂಡು ತಿರುಗುತ್ತಿದ್ದ ಇನ್ನೊಬ್ಬ ಸಹಾಬಿಗೆ ಅಬೂ ಹುರೈರಾ ಎಂಬ ಹೆಸರೇ ನಿಂತಿತು.

ಬುಖಾರಿ, ಮುಸ್ಲಿಮ್ ಗ್ರಂಥಗಳಲ್ಲಿರುವ ಇನ್ನೊಂದು ಹದೀಸ್ ಎಚ್ಚರಿಕೆಯದು. ಬೆಕ್ಕನ್ನು ಕಟ್ಟಿಹಾಕಿ, ತಾನೂ ಉಣಿಸದೆ, ನೆಲದ ಮೇಲಿನ ಕ್ರಿಮಿಕೀಟ ಹಿಡಿದು ತಿನ್ನಲೂ ಬಿಡದೆ ಸಾಯಿಸಿದ ಹೆಂಗಸು ಶಿಕ್ಷೆಗೆ ಗುರಿಯಾದಳೆಂಬುದು ಅದರ ಸಾರ. ಆ ಹೆಂಗಸಿನ ತಪ್ಪು ಬೆಕ್ಕನ್ನು ಸಾಕದಿದ್ದುದಲ್ಲ. ಸಾಕಲೂ ಇಲ್ಲ, ಬದುಕಲೂ ಬಿಡಲಿಲ್ಲ ಎಂಬುದು. ಮನೆಯ ಹಾಲಿಗೆ ಒಗ್ಗಿ ಬೇಟೆ ಮರೆತ ಬೆಕ್ಕನ್ನು ಗುರುತಿಲ್ಲದ ಸಂತೆಮಾಳದಲ್ಲಿ ನಾಯಿಗಳ ನಡುವೆ ಬಿಟ್ಟು ಬರುವವರು ಈ ಮಾತನ್ನು ಯೋಚಿಸಬೇಕು. ನಮ್ಮ ದೇಶದ ಕಾನೂನೂ ಸುಮ್ಮನಿಲ್ಲ. ಹಸಿವು ಬಾಯಾರಿಕೆಯಿಂದ ನರಳುವ ಸ್ಥಿತಿಯಲ್ಲಿ ಪ್ರಾಣಿಯನ್ನು ತೊರೆದುಹೋಗುವುದು 1960ರ ಪ್ರಾಣಿಗಳ ಮೇಲಿನ ಕ್ರೌರ್ಯ ತಡೆ ಕಾಯಿದೆಯಂತೆ ಅಪರಾಧ.

ಸಾಕಲಾಗದವರು ಏನು ಮಾಡಬೇಕು? ಇದಕ್ಕೂ ಇತಿಹಾಸದಲ್ಲಿ ಒಂದು ಉತ್ತರವಿದೆ. 13ನೇ ಶತಮಾನದ ಸುಲ್ತಾನ್ ಬೈಬರ್ಸ್ ಕೈರೋದಲ್ಲಿ ಬೆಕ್ಕುಗಳ ಸಲುವಾಗಿ ಒಂದು ತೋಟವನ್ನು ಬಿಟ್ಟುಹೋಗಿದ್ದರಂತೆ. ಕಾಲಾಂತರದಲ್ಲಿ ತೋಟ ಕೈತಪ್ಪಿದರೂ ಬೆಕ್ಕುಗಳಿಗೆ ಆಹಾರ ಕೊಡುವ ಹೊಣೆ ಖಾಜಿಯ ಮೇಲೆ ಉಳಿದಿತ್ತು. ಬೆಕ್ಕನ್ನು ಇಟ್ಟುಕೊಳ್ಳಲಾರದ ಜನ ಅದನ್ನು ಖಾಜಿಯ ಮನೆಯ ಅಂಗಳಕ್ಕೆ ತಂದು ಬಿಡುತ್ತಿದ್ದರೆಂದು 19ನೇ ಶತಮಾನದಲ್ಲಿ ಕೈರೋದಲ್ಲಿದ್ದ ಇಂಗ್ಲಿಷ್ ವಿದ್ವಾಂಸ ಎಡ್ವರ್ಡ್ ಲೇನ್ ಬರೆದಿದ್ದಾರೆ. ಆ ನಗರ ಬೆಕ್ಕನ್ನು ಬೇಡವೆನ್ನುವ ಹಕ್ಕನ್ನು ಜನರಿಗೆ ಕೊಟ್ಟಿತ್ತು, ಬೀದಿಗೆಸೆಯುವ ಹಕ್ಕನ್ನು ಕೊಟ್ಟಿರಲಿಲ್ಲ.

ತೀರ್ಪಿಗೆ ಮೊದಲು

ದೂರಿನ ವಿಚಾರಣೆ ಕ್ರಮವಾಗಿ ನಡೆಯಲಿ. ಮೊದಲು ಪರೀಕ್ಷೆ. ಯಾವುದು ಒಗ್ಗುವುದಿಲ್ಲವೆಂಬುದನ್ನು ಚರ್ಮದ ಮೇಲೆ ಚುಚ್ಚಿ ನೋಡುವ ಪರೀಕ್ಷೆಯಿಂದ ಅಥವಾ ರಕ್ತದ ಐಜಿಇ ಪರೀಕ್ಷೆಯಿಂದ ತಜ್ಞರು ಹೇಳಬಲ್ಲರು. ನುಸಿ ಕಾರಣವೆಂದು ತಿಳಿದರೆ ಹಾಸಿಗೆಯನ್ನು ಬಿಸಿಲಿಗೆ ಹಾಕಬೇಕು, ಹೊದಿಕೆಗಳನ್ನು ಬಿಸಿನೀರಿನಲ್ಲಿ ಒಗೆಯಬೇಕು. ಕಾಂಗ್ರೆಸ್ ಗಿಡ ಕಾರಣವಾದರೆ ಹಿತ್ತಿಲಿನಲ್ಲಿ ಅದು ಹೂ ಬಿಡುವ ಮೊದಲೇ ಕೀಳಿಸಬೇಕು, ಅಲರ್ಜಿ ಇದ್ದವರು ಮಾತ್ರ ಅದನ್ನು ಮುಟ್ಟಬಾರದು. ಬೆಕ್ಕೇ ಕಾರಣವೆಂದು ಖಚಿತವಾದರೂ ಎಲ್ಲರಿಗೂ ಒಂದೇ ತೀರ್ಪಿಲ್ಲ.

ಬರಿಯ ಸೀನು, ಕಣ್ಣು ತುರಿಕೆ ಇರುವವರು ಬೆಕ್ಕಿನೊಂದಿಗೆ ಬದುಕಬಹುದಾದ ದಾರಿಗಳಿವೆ. ಮಲಗುವ ಕೋಣೆಗೆ ಬೆಕ್ಕಿಗೆ ಪ್ರವೇಶವಿಲ್ಲ ಎಂಬುದು ಮೊದಲ ನಿಯಮ. ನೆಲಗಂಬಳಿ, ದಪ್ಪ ಪರದೆ ತೆಗೆದು ನೆಲವನ್ನು ಒದ್ದೆಬಟ್ಟೆಯಿಂದ ಒರೆಸುವುದು, ಕಿಟಕಿ ತೆರೆದಿಡುವುದು, ಬೆಕ್ಕನ್ನು ಮುಟ್ಟಿದ ಕೈಯಿಂದ ಕಣ್ಣು ಮೂಗು ಮುಟ್ಟದಿರುವುದು, ಅದರ ಮೈ ಬಾಚುವ ಕೆಲಸವನ್ನು ಅಲರ್ಜಿ ಇಲ್ಲದವರಿಗೆ ಒಪ್ಪಿಸುವುದು ಇವೆಲ್ಲ ಖರ್ಚಿಲ್ಲದ ಉಪಾಯಗಳು. ಗಂಡುಬೆಕ್ಕಿಗೆ ಸಂತಾನಹರಣ ಚಿಕಿತ್ಸೆ ಮಾಡಿಸಿದರೆ ಅದರಲ್ಲಿ ಫೆಲ್ ಡಿ 1 ಹುಟ್ಟುವ ಪ್ರಮಾಣ ಇಳಿಯುತ್ತದೆ. ಕೋಳಿಮೊಟ್ಟೆಯಿಂದ ಪಡೆದ ಪ್ರತಿಕಾಯ ಬೆರೆಸಿದ ಬೆಕ್ಕಿನ ಆಹಾರದಿಂದ ಕೂದಲಿನ ಮೇಲಿನ ಅಲರ್ಜಿಕಾರಕ ಮೂರು ವಾರಗಳಲ್ಲಿ ಸರಾಸರಿ ಶೇ. 47ರಷ್ಟು ಇಳಿದ ವರದಿ 2019ರಲ್ಲಿ ಬಂತು. ಆದರೆ ಆ ಸಂಶೋಧನೆ ಆಹಾರ ತಯಾರಕರದ್ದೇ ಎಂಬುದನ್ನು ಮರೆಯಬಾರದು. ಹಿಸ್ಟಮಿನ್ ವಿರೋಧಿ ಮಾತ್ರೆ, ಮೂಗಿಗೆ ಸಿಂಪಡಿಸುವ ಔಷಧಿ, ಇನ್‌ಹೇಲರ್, ನೂನ್ ಆರಂಭಿಸಿದ ಒಗ್ಗಿಸುವ ಚಿಕಿತ್ಸೆಯ ಇಂದಿನ ರೂಪ ಇವನ್ನೆಲ್ಲ ವೈದ್ಯರ ಸಲಹೆಯಿಂದಲೇ ಮಾಡಬೇಕು. ಇನ್‌ಹೇಲರ್ ಚಟವಾಗುತ್ತದೆಂಬ ಭಯದಿಂದ ಮಕ್ಕಳಿಗೆ ಅದನ್ನು ತಪ್ಪಿಸುವವರಿದ್ದಾರೆ. ಅದು ಬೆಕ್ಕಿಗಿಂತ ಹೆಚ್ಚು ಅಪಾಯ.

ಪದೇ ಪದೇ ಉಬ್ಬಸ ಬರುವ, ಆಸ್ಪತ್ರೆ ಸೇರಬೇಕಾಗುವ ಮಗುವಿಗೆ ಬೆಕ್ಕೇ ಕಾರಣವೆಂದು ಖಚಿತವಾದರೆ ಅಲ್ಲಿ ಚರ್ಚೆಗೆ ಜಾಗವಿಲ್ಲ. ಬೆಕ್ಕು ಬೇರೆ ಮನೆ ಸೇರಬೇಕು. ಆದರೆ ಅದು ಸೇರಬೇಕಾದದ್ದು ಮನೆಯನ್ನು. ಗುಡಿಸಲು, ಕೊಟ್ಟಿಗೆ, ರೇಷ್ಮೆಹುಳು ಸಾಕುವ ಮನೆ, ಧಾನ್ಯದ ಮಂಡಿ ಹೀಗೆ ಇಲಿಯ ಕಾಟವಿರುವ ಜಾಗಗಳು ಇಂದಿಗೂ ಕೋಲಾರ ಸೀಮೆಯಲ್ಲಿ ಬೇಕಾದಷ್ಟಿವೆ. ಚಂದ್ರಂಕಿಯ ಮೇಲಿನ ಗೂಡಿಗೆ ಬಾಯಿ ಹಾಕುವ ಇಲಿಯನ್ನು ಕಾಯಲು ಬೆಕ್ಕನ್ನು ಕೇಳುವ ರೈತರಿದ್ದಾರೆ. ಹಳೆಯ ಕೆಲಸಕ್ಕೇ ಹಳೆಯ ನೌಕರನನ್ನು ಮರಳಿ ಸೇರಿಸಿದಂತಾಗುತ್ತದೆ.

1665ರ ಲಂಡನ್ನಿನವರು ವಿಚಾರಿಸದೆ ಕೊಂದರು. ಅಮರಾವತಿಯ ವೈದ್ಯರು ಲೆಕ್ಕ ಹಾಕಿ ಹೊಗಳಿದರು, ಆದರೆ ಪೂರ್ತಿ ಲೆಕ್ಕ ಹಾಕಲಿಲ್ಲ. ಅಲ್-ರಾಝಿ ಮಾತ್ರ ಗುಲಾಬಿ ತೋಟವನ್ನು ಕಡಿಸಲು ಹೇಳದೆ, ಒಬ್ಬನೇ ಒಬ್ಬ ರೋಗಿಯ ಮೂಗನ್ನು ಅರ್ಥಮಾಡಿಕೊಳ್ಳಲು ಕುಳಿತರು. ಸಾವಿರದ ನೂರು ವರ್ಷಗಳ ನಂತರ, ಅವರಿಗಿಲ್ಲದ ಪರೀಕ್ಷೆಗಳೂ ಔಷಧಿಗಳೂ ಕೈಯಲ್ಲಿರುವಾಗ, ಗೋಣಿಚೀಲ ಹುಡುಕುವ ಮೊದಲು ನಾವು ಅಷ್ಟಾದರೂ ತಾಳ್ಮೆ ತೋರಬಹುದು.